ಹನ್ನೊಂದು ಕುರ್ಚಿಗಳು ಯಾರಿಗೆ?

(ಕಲಘಟಗಿಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗ್ರಾಮ ಪಂಚಾಯತಿಯ ಸಭೆಗಳಲ್ಲಿ ರಸ್ತೆ, ಗಟಾರ, ನಳದ ಮಾತು ಮುಗಿದ ಮೇಲೆ ಕೊನೆಯ ಐದು ನಿಮಿಷಕ್ಕೆ ಜಾರುವ ವಿಷಯವೊಂದಿದೆ. ಅದು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಪುನರ್ರಚನೆ. ಆ ಐದು ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಬಿಚ್ಚಿಡಲು ಬಯಸುತ್ತೇನೆ.

2002ರ ಜೀವವೈವಿಧ್ಯ ಕಾಯಿದೆಯ 41ನೆಯ ಕಲಮಿನಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಇಂಥ ಸಮಿತಿಯನ್ನು ರಚಿಸಬೇಕು. 2004ರ ಕೇಂದ್ರ ನಿಯಮಗಳು ಒಬ್ಬ ಅಧ್ಯಕ್ಷರು ಮತ್ತು ಆರಕ್ಕೆ ಮೀರದಂತೆ ಸದಸ್ಯರು ಎಂದು ಹೇಳಿದ್ದವು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು, ಶೇಕಡಾ 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟ ಜಾತಿ, ಪಂಗಡದವರು ಇರಬೇಕಿತ್ತು. 2023ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈಗ ಹಳ್ಳಿಗಾಡಿನಲ್ಲಿ ಈ ಹೊಣೆ ಗ್ರಾಮ ಪಂಚಾಯತಿಯದು. ಸದಸ್ಯರು ಏಳಕ್ಕೆ ಕಡಿಮೆಯಿಲ್ಲದಂತೆ, ಹನ್ನೊಂದಕ್ಕೆ ಮೀರದಂತೆ ಇರಬೇಕು. ಅವರು ಯಾರಾಗಿರಬೇಕೆಂಬುದನ್ನು ರಾಜ್ಯ ಸರ್ಕಾರ ನಿಯಮದ ಮೂಲಕ ಗೊತ್ತುಪಡಿಸಬೇಕು.

ಈ ಕುರ್ಚಿಗಳ ಬಗ್ಗೆ ನಮ್ಮಲ್ಲಿ ಎರಡು ವಾದಗಳಿವೆ. ಓದಿದವರು, ಅಧಿಕಾರಿಗಳು, ನನ್ನಂಥ ವಿಜ್ಞಾನಿಗಳು ಕೂರಲಿ ಎಂಬುದು ಒಂದು. ಆರಿಸಿ ಬಂದ ಸದಸ್ಯರೇ ಸಾಕು, ಹೊರಗಿನವರು ಏಕೆ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ಮೊದಲನೆಯದನ್ನು ಒಪ್ಪದಿರಲು ನನ್ನ ವೃತ್ತಿಯೇ ಕಾರಣ.

ಅಣ್ಣಿಗೇರಿ-1 ಎಂಬ ಕಡಲೆಯನ್ನು ನೀವೆಲ್ಲ ಬಲ್ಲಿರಿ. ದೇಶದ ಕಡಲೆ ಸಂಶೋಧನೆಯಲ್ಲಿ ಆ ಊರಿನ ಹೆಸರು ನಿಂತಿರುವುದು ಸ್ಥಳೀಯ ಕಡಲೆಯ ಆಯ್ಕೆಯಿಂದ. ಆಯ್ಕೆ ಮಾಡಿದವರು ವಿಜ್ಞಾನಿಗಳು, ನಿಜ. ಆದರೆ ಎರೆಹೊಲದ ಹಿಂಗಾರಿನ ತೇವವೊಂದನ್ನೇ ನಂಬಿ ಬೆಳೆಯುವ ಆ ಕಾಳನ್ನು ತಲೆಮಾರುಗಳಿಂದ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಯ್ದವರು ಮನೆಯ ಹೆಣ್ಣುಮಕ್ಕಳು. ಯಾವ ಕಾಳು ಯಾವ ಹೊಲಕ್ಕೆ ಹೊಂದುತ್ತದೆ ಎಂಬುದು ಅವರಿಗೆ ಗೊತ್ತು. ನಾವು ಅದನ್ನು ಕೇಳಿ ಬರೆದುಕೊಂಡವರು.

ಇನ್ನು ಬದನೆಯ ಪ್ರಕರಣ. ಬಿಟಿ ಬದನೆಗಾಗಿ ಕುಡಚಿ, ರಬಕವಿ, ಉಡುಪಿ ಮೊದಲಾದ ಊರುಗಳ ಹೆಸರು ಹೊತ್ತ ಕರ್ನಾಟಕದ ಆರು ಸ್ಥಳೀಯ ತಳಿಗಳನ್ನು ಕಾಯಿದೆಯ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರವರಿಯಲ್ಲಿ ದೂರು ಕೊಟ್ಟಿತು. ಮಹಿಕೊ ಕಂಪನಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದವರ ಮೇಲೆ 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. ತಪ್ಪು ಯಾರದೆಂಬುದು ನ್ಯಾಯಾಲಯದ ಮಾತು. ನನ್ನ ಪ್ರಶ್ನೆ ಬೇರೆ. ಜೈವಿಕ ಸಂಪನ್ಮೂಲದ ಬಳಕೆಯನ್ನು ಕುರಿತು ತೀರ್ಮಾನಿಸುವಾಗ ರಾಷ್ಟ್ರೀಯ ಪ್ರಾಧಿಕಾರವೂ ರಾಜ್ಯ ಮಂಡಳಿಯೂ ಆಯಾ ಊರಿನ ಸಮಿತಿಯೊಡನೆ ಸಮಾಲೋಚಿಸಬೇಕೆಂದು ಅದೇ 41ನೆಯ ಕಲಂ ಹೇಳುತ್ತದೆ. ಬದನೆಯನ್ನು ಕಾಯ್ದುಕೊಂಡು ಬಂದ ಊರಿನಲ್ಲಿ ಸಮಿತಿಯೇ ಇಲ್ಲದಿದ್ದರೆ ಯಾರನ್ನು ಕೇಳಬೇಕಿತ್ತು?

(ಅದೇ 2010ರಲ್ಲಿ ದೆಹಲಿಯಲ್ಲಿಯೂ ಒಂದು ಬದಲಾವಣೆಯಾಯಿತು. ಕುಲಾಂತರಿ ಬೆಳೆಗಳಿಗೆ ಒಪ್ಪಿಗೆ ನೀಡುತ್ತಿದ್ದ ಸಮಿತಿಯ ಹೆಸರಿನಲ್ಲಿದ್ದ 'ಅನುಮೋದನೆ' ಎಂಬ ಪದ ಹೋಗಿ 'ಮೌಲ್ಯಮಾಪನ' ಎಂಬ ಪದ ಬಂದಿತು. ಹೆಸರಿನ ಒಂದು ಪದದಲ್ಲಿ ಎಷ್ಟು ಅಧಿಕಾರ ಅಡಗಿರುತ್ತದೆ ನೋಡಿ.)

ಸಮಿತಿಗಳು ಈಗ ಇಲ್ಲವೆಂದಲ್ಲ, ಕಾಗದದ ಮೇಲೆ ಹೇರಳವಾಗಿವೆ. 2016ರಲ್ಲಿ ದೇಶದಾದ್ಯಂತ ಸುಮಾರು 9,700 ಸಮಿತಿಗಳಿದ್ದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ಗಡುವಿನ ಹೊತ್ತಿಗೆ ಸಂಖ್ಯೆ ಎರಡು ಲಕ್ಷ ನಲವತ್ತು ಸಾವಿರವನ್ನು ದಾಟಿತು! ದಂಡದ ಭಯಕ್ಕೆ ಹುಟ್ಟಿದ ಸಮಿತಿಗಳಲ್ಲಿ ಎಷ್ಟಕ್ಕೆ ಜೀವವಿದೆಯೋ ನೀವೇ ಊಹಿಸಿ. ಜನತಾ ಜೀವವೈವಿಧ್ಯ ದಾಖಲೆಯನ್ನು ಊರವರನ್ನು ಕೇಳಿ ಬರೆಯುವುದೇ ಸಮಿತಿಯ ಮುಖ್ಯ ಕೆಲಸ. ನಾನು ಓದಿದ ಅಂಥದೊಂದು ದಾಖಲೆಯಲ್ಲಿ (ಊರಿನ ಹೆಸರು ಬೇಡ) ತೇಗ, ಬೇವು, ಹುಣಸೆಗಳ ಪಟ್ಟಿ ಎಲ್ಲ ಊರಿಗೂ ಹೊಂದುವಂತಿತ್ತು. ಆದರೆ ಆ ಊರಿನ ಗೌಳಿ ದಡ್ಡಿಯ ಎಮ್ಮೆಗಳ ಮಾತಿರಲಿಲ್ಲ. ಕೂರಿಗೆಯಲ್ಲಿ ಬಿತ್ತುವ ಭತ್ತದ ಒಂದು ಹೆಸರೂ ಇರಲಿಲ್ಲ. ಬರೆದವರು ಕೆರೆಯ ದಂಡೆಗೆ ಹೋಗಿದ್ದರೆಂದು ನಂಬುವುದು ಕಷ್ಟ.

ಆದುದರಿಂದ ಆ ಕುರ್ಚಿಗಳಲ್ಲಿ ಬೀಜ ಕಾಯುವ ತಾಯಿ, ನಾಟಿ ವೈದ್ಯರು, ಕುರಿಗಾರರು, ಗೌಳಿಗರು, ಸಿದ್ದಿಗಳು, ಸೀಗೆ, ಅಂಟುವಾಳ ಆರಿಸುವವರು ಕೂರಬೇಕು. ದಫ್ತರ ಇಡಲು ಕಾರ್ಯದರ್ಶಿ ಬೇಕು, ಕೇಳಿದಾಗ ಸಲಹೆ ಕೊಡಲು ವಿಜ್ಞಾನಿಯೂ ಇರಲಿ. ಮತ ನಮ್ಮದಾಗುವುದು ಬೇಡ. ಪಂಚಾಯತಿ ಸದಸ್ಯರೇ ಸಾಕೆನ್ನುವವರಿಗೆ ಒಂದು ಮಾತು: ನಿಮ್ಮ ಅವಧಿ ಮುಗಿಯುತ್ತದೆ, ಚುನಾವಣೆ ತಡವಾಗುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಂಥ ಹೊತ್ತಿನಲ್ಲಿ ಕಲ್ಲುಗಣಿಯವರು ಬಂದರೆ ಊರಿನ ಪರವಾಗಿ ಮಾತನಾಡುವವರು ಯಾರು?

ಸಮಾಲೋಚನೆ ತಪ್ಪಿದರೆ ಆಗುವ ನಷ್ಟಕ್ಕೆ ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವೇ ಸಾಕ್ಷಿ. 2015ರ ಡಿಸೆಂಬರಿನಲ್ಲಿ ಅದು ಸಂರಕ್ಷಿತ ಮೀಸಲು ಪ್ರದೇಶವಾಯಿತು. ಸ್ಥಳೀಯರ ಅಭಿಪ್ರಾಯ ಪಡೆದಿಲ್ಲವೆಂಬ ಕಾರಣ ಮುಂದೆ ಬಂದು 2016ರಲ್ಲಿ ಆದೇಶ ರದ್ದಾಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಜಾರಿಯಾಯಿತು, 2019ರಲ್ಲಿ ವನ್ಯಜೀವಿ ಧಾಮವಾಯಿತು. ಗುಡ್ಡವನ್ನು ಉಳಿಸಿದವರು ಸುತ್ತಲಿನ ಜನ. ಆದರೆ ಅವರನ್ನು ಕೇಳಲಿಲ್ಲವೆಂಬುದೇ ಗುಡ್ಡದ ವಿರುದ್ಧ ಆಯುಧವಾಗಿತ್ತು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ಮೊದಲೇ ನಿಮ್ಮ ಪಂಚಾಯತಿಗೆ ಹೋಗಿ ಜೀವವೈವಿಧ್ಯ ದಾಖಲೆಯನ್ನೂ ಸಮಿತಿಯ ಸದಸ್ಯರ ಪಟ್ಟಿಯನ್ನೂ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು, ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದುದನ್ನು ಮನೆಗೆ ಒಯ್ದು ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿ. ಕುಂದಗೋಳದವರು ಡಬ್ಬಿ, ಕಡ್ಡಿ ಮೆಣಸಿನಕಾಯಿ ಅದರಲ್ಲಿವೆಯೇ ನೋಡಲಿ. ನವಲಗುಂದದವರು ತಮ್ಮ ಜೋಳ, ಕುಸುಬೆ, ಬೆಣ್ಣಿಹಳ್ಳದ ಮೀನುಗಳನ್ನು ಹುಡುಕಲಿ. ಅಜ್ಜಿ ಬಿಟ್ಟುಹೋದುದೆಂದು ಹೇಳಿದ ಪ್ರತಿಯೊಂದು ಹೆಸರನ್ನೂ ಅಂಚಿನಲ್ಲಿ ಬರೆದು, ಆ ಪ್ರತಿಯನ್ನು ಗ್ರಾಮಸಭೆಗೆ ತನ್ನಿ.