ಪಾತ್ರೆ ತೊಳೆಯುವ ಯಂತ್ರವೂ ಅಮ್ಮನ ಕಾವಲಿಯೂ

(ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಇಂದು ಹೇಳಹೊರಟಿರುವುದು ಅಡಿಗೆಮನೆಯ ವಿಷಯ. ಕೇಳಿ ನಗಬೇಡಿ. ಇದರಲ್ಲಿ ಹಣದ ನಷ್ಟವೂ ಉಂಟು, ಪ್ರಾಣಕ್ಕೆ ಅಪಾಯವೂ ಉಂಟು.

ಕಳೆದ ವರ್ಷ ಕಂತಿನ ಮೇಲೆ ಪಾತ್ರೆ ತೊಳೆಯುವ ಯಂತ್ರವೊಂದನ್ನು ಮನೆಗೆ ತಂದೆವು. ಉತ್ಸಾಹದಲ್ಲಿ, ಊರಿನಿಂದ ಅಮ್ಮ ಕಳಿಸಿದ್ದ ಕಬ್ಬಿಣದ ದೋಸೆ ಕಾವಲಿಯನ್ನೂ ಅದರೊಳಗಿಟ್ಟೆವು. ಬೆಳಿಗ್ಗೆ ಬಾಗಿಲು ತೆಗೆದರೆ ಕಾವಲಿಯ ಮೈಯೆಲ್ಲ ಕೆಂಪು ತುಕ್ಕು! ಆ ದಿನ ಹುಯ್ದ ದೋಸೆ ಒಂದೂ ಏಳಲಿಲ್ಲ.

ಹೀಗೇಕಾಯಿತು? ಈ ಯಂತ್ರವನ್ನು ಬಳಕೆಗೆ ತಂದವರು ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ. 1886ರಲ್ಲಿ ಪೇಟೆಂಟ್ ಪಡೆದು, 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ಅದನ್ನು ತೋರಿಸಿದರು. ಆಕೆಯ ಚಿಂತೆಯೆಲ್ಲ ಪಿಂಗಾಣಿ ತಟ್ಟೆಗಳದು. ನಮ್ಮ ಪಾತ್ರೆಗಳ ಧರ್ಮವೇ ಬೇರೆ. ಅವುಗಳಲ್ಲಿ ಹಲವನ್ನು ಕಾಯುವುದು ಮೇಲಿನ ಒಂದು ತೆಳುವಾದ ಪದರ. ಯಂತ್ರದೊಳಗೆ ಸಾಮಾನ್ಯವಾಗಿ 50ರಿಂದ 70 ಡಿಗ್ರಿ ಬಿಸಿನೀರು, ತೀಕ್ಷ್ಣವಾದ ಕ್ಷಾರದ ಪುಡಿ, ಗಂಟೆಗಟ್ಟಲೆ ತೇವ. ಕೊಳೆ ಯಾವುದು, ಪದರ ಯಾವುದು ಎಂಬುದು ಅದಕ್ಕೆ ತಿಳಿಯದು.

ಕಾವಲಿಯ ಪದರ ಕಾದು ಗಟ್ಟಿಯಾದ ಎಣ್ಣೆಯದು. ಅದು ಹೋದರೆ ತುಕ್ಕು ಹಿಡಿಯುತ್ತದೆ. ಹೆದರಬೇಡಿ: ತುಕ್ಕನ್ನು ಉಜ್ಜಿ ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಕಾಯಿಸಿ. ನಾಲ್ಕಾರು ಸಲ ಹೀಗೆ ಮಾಡಿದರೆ ಮತ್ತೆ ಪಳಗುತ್ತದೆ. ನಮ್ಮದೂ ಪಳಗಿತು.

ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಗಿನ ಕಲಾಯಿ ತವರದ ಪದರ. ಅದು ಸವೆದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ತಾಮ್ರ ಆಹಾರದಲ್ಲಿ ಕರಗಿ ವಾಂತಿ, ಹೊಟ್ಟೆನೋವು ಬರುವುದುಂಟು. ಇವನ್ನು ಕೈಯಿಂದಲೇ ಮೃದುವಾಗಿ ತೊಳೆಯಿರಿ. ಅಲ್ಯುಮಿನಿಯಮ್ಮು ಕ್ಷಾರ ತಗುಲಿದರೆ ಕಪ್ಪಾಗುತ್ತದೆ. ಲಟ್ಟಣಿಗೆ, ಕಡಗೋಲು, ಮರದ ಸೌಟು ಬಿಸಿನೀರಿಗೆ ಉಬ್ಬಿ, ಒಣಗಿ, ಸೀಳುತ್ತವೆ. ಈಳಿಗೆಮಣೆಗಂತೂ ಎರಡು ಕೇಡು: ಅಲಗಿಗೆ ತುಕ್ಕು, ಮಣೆಗೆ ಬಿರುಕು. ಕಲ್ಲಿನ ಮರಿಗೆ, ಮಣ್ಣಿನ ಗಡಿಗೆ ಸಾಬೂನನ್ನು ಹೀರಿಕೊಂಡು ಸಾರಿಗೆ ಬಿಡುತ್ತವೆ. ಮಿಕ್ಸಿ ಜಾರಿನ ತಳದ ಅಲಗನ್ನೂ ಹೊರಗಿಡಿ.

ಎಲ್ಲಕ್ಕಿಂತ ಮುಖ್ಯವಾದುದು ಪ್ರೆಷರ್ ಕುಕ್ಕರಿನ ಮುಚ್ಚಳ. ರಬ್ಬರ್ ಉಂಗುರ ಬಿಸಿಗೆ ಬಿರುಸಾಗುತ್ತದೆ. ಹಬೆ ಹೋಗುವ ಕೊಳವೆಯಲ್ಲಿ ಒಂದು ಅಗುಳು ಸಿಕ್ಕಿಕೊಂಡರೆ ಕುಕ್ಕರ್ ಸಿಡಿಯಬಹುದು. ಮುಚ್ಚಳವನ್ನು ಕೈಯಿಂದ ತೊಳೆದು, ಪ್ರತಿಸಲವೂ ಆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಂಡರೆ ಮಾತ್ರ ಒಲೆಗೇರಿಸಿ.

ಸ್ಟೀಲಿನ ತಟ್ಟೆ, ಲೋಟ, ಚಮಚ, ಚಿನ್ನದ ಗೆರೆಯಿಲ್ಲದ ಪಿಂಗಾಣಿ, ಸಾಧಾರಣ ಗಾಜು, ಇವನ್ನು ನಿಶ್ಚಿಂತೆಯಿಂದ ಯಂತ್ರಕ್ಕೆ ಬಿಡಬಹುದು.

“ನಮ್ಮ ಮನೆಯಲ್ಲಿ ಆ ಯಂತ್ರವೇ ಇಲ್ಲವಲ್ಲ” ಎನ್ನುವವರು ಇಲ್ಲಿ ಹಲವರಿದ್ದೀರಿ. ಆದರೆ ಕ್ಯಾಂಟೀನುಗಳಲ್ಲಿ, ಪರರ ಮನೆಗಳಲ್ಲಿ ಅದನ್ನು ನಡೆಸುವವರು ನಮ್ಮವರೇ. ನಮ್ಮ ಪರಿಚಯದ ಹುಡುಗನೊಬ್ಬ ಮೇಲಿನವರು ಹೇಳಿದಂತೆಯೇ ಅಲ್ಯುಮಿನಿಯಮ್ ಬೋಗುಣಿಗಳನ್ನು ಯಂತ್ರಕ್ಕೆ ಹಾಕಿದ. ಅವು ಕಪ್ಪಾದವು. ಕೂಲಿ ಮುರಿದದ್ದು ಮಾತ್ರ ಅವನದು. “ಇದು ಯಂತ್ರಕ್ಕೆ ಆಗದು ಸ್ವಾಮಿ” ಎಂದು ಮೊದಲೇ ಹೇಳುವ ತಿಳಿವಳಿಕೆ ಅವನಿಗಿದ್ದಿದ್ದರೆ ಆ ಹಣ ಊರಿಗೆ ಹೋಗುತ್ತಿತ್ತು.

ಆದ್ದರಿಂದ ಒಂದು ಅರಿಕೆ. ಯಂತ್ರದ ಜೊತೆ ಬರುವ ಪುಸ್ತಿಕೆಯನ್ನು ಮೂಲೆಗೆಸೆಯಬೇಡಿ. ಇಂಗ್ಲಿಷಾದರೂ ಹಿಂದಿಯಾದರೂ ಸರಿ, ವಾಚನಾಲಯಕ್ಕೆ ತನ್ನಿ. ಭಾನುವಾರ ಸಂಜೆ ಒಟ್ಟಿಗೆ ಕುಳಿತು ಓದಿ, ಕನ್ನಡದಲ್ಲಿ ಹೇಳಿಕೊಡುತ್ತೇವೆ. ಊರಿಂದ ಬಂದ ಪಾತ್ರೆಯೂ ಉಳಿಯಲಿ, ದುಡಿದ ಕೂಲಿಯೂ ಉಳಿಯಲಿ.