ನೆಗಡಿಗೂ ದದ್ದಿಗೂ ಒಂದೇ ಗಿಡ



ಇವತ್ತು ಚೀನಾದ ಜಿಂಗ್‌ಜಿಯೆ ಎಂಬ ಗಿಡದ ವಿಚಾರ ಮಾತಾಡೋಣ. ತುಳಸಿ, ಪುದೀನಗಳ ಕುಟುಂಬದ್ದು. ಸೀಳು ಸೀಳಾದ ಸಣ್ಣ ಎಲೆ, ತುದಿಯಲ್ಲಿ ಹೂತೆನೆ. ಒಣಗಿದ ತೆನೆಯನ್ನು ಬೆರಳಲ್ಲಿ ಉಜ್ಜಿದರೆ ಪುದೀನದಂಥ ಘಾಟು ಬರುತ್ತದೆ. ಸುಮಾರು 2000 ವರ್ಷ ಹಳೆಯದಾದ ‘ಶೆನ್‌ನಾಂಗ್ ಬೆನ್‌ಚಾವೊ ಜಿಂಗ್’ ಎಂಬ ಔಷಧಗ್ರಂಥ ಹೆಸರಿಸುವ 365 ಔಷಧಗಳಲ್ಲಿ ಇದೂ ಒಂದು.

ನೆಗಡಿ ಮೂಗಿನದು, ದದ್ದು ಮೈಮೇಲಿನದು. ಎರಡಕ್ಕೂ ಒಂದೇ ಗಿಡ ಹೇಗೆ? ಚೀನೀ ವೈದ್ಯರ ತರ್ಕ ಹೀಗಿದೆ: ಹೊರಗಿನ ಗಾಳಿ ರೋಗವಾಗಿ ಮೊದಲು ತಾಕುವುದು ದೇಹದ ಮೇಲ್ಪದರವನ್ನು. ಚರ್ಮವೂ ಶ್ವಾಸಕೋಶವೂ ಒಂದೇ ವ್ಯವಸ್ಥೆಗೆ ಸೇರಿದವು. ಅಲ್ಲಿ ಸಿಕ್ಕಿಕೊಂಡ ಗಾಳಿ ಒಮ್ಮೆ ಚಳಿ, ಮೈಕೈ ನೋವಾಗುತ್ತದೆ. ಇನ್ನೊಮ್ಮೆ ಕಡಿತ, ದದ್ದು. ಸಣ್ಣಗೆ ಬೆವರಿಸಿ ಅದನ್ನು ಹೊರಹಾಕುವುದು ಜಿಂಗ್‌ಜಿಯೆಯ ಕೆಲಸ. ನಾವು ಒಪ್ಪಲಿ ಬಿಡಲಿ, ಲಕ್ಷಣಗಳನ್ನು ಕೂಡಿಸಿ ನೋಡುವ ಈ ಬುದ್ಧಿ ನನಗೆ ಬಹಳ ಇಷ್ಟ. ನಮ್ಮ ಹಿತ್ತಲಿನ ದೊಡ್ಡಪತ್ರೆಯೂ ಇದೇ ಕುಟುಂಬದ್ದು. ಅದನ್ನೂ ಶೀತಕ್ಕೆ ಕೊಡುತ್ತೇವೆ, ಪಿತ್ತದ ಗಂಧೆಗೆ ಉಜ್ಜುತ್ತೇವೆ.

ಚೀನೀ ವೈದ್ಯ ಚೆನ್ ಷಿಗಾಂಗ್ 1617ರ ತನ್ನ ಗ್ರಂಥದಲ್ಲಿ ಕೊಟ್ಟ ಕಡಿತದ ಕಷಾಯದಲ್ಲಿ ಜಿಂಗ್‌ಜಿಯೆ ಇದೆ. ಜ್ವರ, ಗಂಟಲು ನೋವಿನ ಶೀತಕ್ಕೆ ಇನ್ನೊಬ್ಬ ವೈದ್ಯ ವೂ ಜುಟಾಂಗ್ ಬರೆದ ‘ಯಿನ್ ಚಿಯಾವ್ ಸಾನ್’ ಎಂಬ ಪುಡಿಯಲ್ಲೂ ಇದೆ. ಆ ಪುಡಿಯನ್ನು ಕುದಿಸುವ ಕ್ರಮ ಗಮನಿಸಿ: ಘಮ ಜೋರಾಗಿ ಎದ್ದ ಕೂಡಲೇ ಇಳಿಸಬೇಕು, ಹೆಚ್ಚು ಕುದಿಸಕೂಡದು. ಹೆಚ್ಚು ಕುದಿಸಿದರೆ ಎಣ್ಣೆಯಂಶ ಆವಿಯಾಗಿ ಹೋಗುತ್ತದೆಂದು ಇಂದಿನ ರಸಾಯನಶಾಸ್ತ್ರ ಹೇಳುವುದಕ್ಕೂ ಆತನ ಕ್ರಮ ಹೊಂದುತ್ತದೆ! ಅದೇ ಗಿಡವನ್ನು ಕರಿಯಾಗುವಷ್ಟು ಹುರಿದರೆ ಉಪಯೋಗವೇ ಬೇರೆ. ಅದು ರಕ್ತಸ್ರಾವ ನಿಲ್ಲಿಸಲು.

ಇನ್ನು ಪರೀಕ್ಷೆಯ ಮಾತು. ಜಿಂಗ್‌ಜಿಯೆ ಸೇರಿದ ಹತ್ತು ಮೂಲಿಕೆಗಳ ಕಷಾಯವನ್ನು ಲಂಡನ್ನಿನ ವೈದ್ಯರು ಹಠಮಾರಿ ಎಕ್ಸಿಮಾ ಇದ್ದ 40 ವಯಸ್ಕರ ಮೇಲೆ ಪ್ರಯೋಗಿಸಿ, 1992ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಿತವೂ ಕೆಂಪೂ ಇಳಿದಿದ್ದವು. ಆದರೆ ಹಾಂಗ್‌ಕಾಂಗ್‌ನಲ್ಲಿ ಅದೇ ಮಿಶ್ರಣವನ್ನು ಮತ್ತೆ ಪರೀಕ್ಷಿಸಿದಾಗ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಎಕ್ಸಿಮಾಕ್ಕೆಂದು ಚೀನೀ ಕಷಾಯ ಕುಡಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದ ವರದಿಗಳೂ ಬಂದವು. ಜಿಂಗ್‌ಜಿಯೆಯ ಘಾಟಿಗೆ ಕಾರಣವಾದ ಪುಲೆಗೋನ್ ಎಂಬ ರಾಸಾಯನಿಕ ಕೂಡ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷವೇ. ಹತ್ತು ಮೂಲಿಕೆಗಳಲ್ಲಿ ಯಾವುದು ಗುಣ ಕೊಟ್ಟಿತು ಎಂದು ಆ ಪ್ರಯೋಗದಿಂದ ಹೇಳಲಾಗದು. ಹಾಗಾಗಿ ಜಿಂಗ್‌ಜಿಯೆಯೊಂದೇ ದದ್ದು ವಾಸಿಮಾಡುತ್ತದೆ ಎನ್ನುವುದಕ್ಕೆ ಅದು ಆಧಾರವಾಗುವುದಿಲ್ಲ.

ಚೀನಾದಲ್ಲಿ ದಡಾರದ ದದ್ದು ಬೇಗ ಹೊರಬರಲೆಂದೂ ಇದನ್ನು ಕೊಡುತ್ತಿದ್ದರು. ಲಸಿಕೆ ಇಲ್ಲದ ಕಾಲದಲ್ಲಿ ಅಮ್ಮಂದಿರಿಗೆ ಅದೂ ಒಂದು ಆಸರೆ. ಇಂದು ಲಸಿಕೆಯಿದೆ. ದಯವಿಟ್ಟು ಮಕ್ಕಳಿಗೆ ಅದನ್ನು ತಪ್ಪದೆ ಹಾಕಿಸಿ. ಜ್ವರದ ಜೊತೆ ದದ್ದು ಎದ್ದರೆ ಕಷಾಯಕ್ಕೆ ನೀರಿಡುವ ಮೊದಲು ವೈದ್ಯರಿಗೆ ತೋರಿಸಿ.