ಚೆಂಡು ಕೈಯಲ್ಲಿಲ್ಲದ ಹೊತ್ತು

ನಮ್ಮ ಬಡಾವಣೆಯ ಪಾರ್ಕಿನ ಹಿಂದೆ ಒಂದು ಬ್ಯಾಸ್ಕೆಟ್‌ಬಾಲ್ ಅಂಗಳವಿದೆ. ಒಂದು ರಿಂಗಿಗೆ ಬಲೆಯಿಲ್ಲ. ಇನ್ನೊಂದರ ಬೋರ್ಡಿನ ಮೇಲೆ ಹೊಂಗೆ ಮರದ ಕೊಂಬೆ ಬಾಗಿದೆ. ಬೆಳಗ್ಗೆ ಆರೂವರೆಗೆ ಆ ಕಡೆ ಹೋದರೆ ಕಿವಿಗೆ ಬೀಳುವುದು ಒಂದೇ ಕೂಗು: “ಏಯ್, ಪಾಸ್ ಕೊಡೋ!” ಕೇಳುವವರು ಎಲ್ಲರೂ, ಕೊಡುವವರು ಯಾರೂ ಇಲ್ಲ. ಎತ್ತರದ ಹುಡುಗನೊಬ್ಬ ಚೆಂಡು ಸಿಕ್ಕಿದ್ದೇ ತಡ, ತಲೆ ತಗ್ಗಿಸಿ ನೆಲಕ್ಕೆ ತಟ್ಟುತ್ತಾ ರಿಂಗಿನತ್ತ ನುಗ್ಗುತ್ತಾನೆ. ಕನ್ನಡಕ ಬೀಳದಂತೆ ಹಿಂದೆ ದಾರ ಕಟ್ಟಿಕೊಂಡ ಪುಟ್ಟ ಹುಡುಗಿಯೊಬ್ಬಳು ಅರ್ಧ ಗಂಟೆ ಓಡಾಡಿದರೂ ಚೆಂಡು ಮುಟ್ಟಿದ್ದು ಒಂದೇ ಸಲ. ಅದೂ ಗೆರೆ ದಾಟಿ ಚರಂಡಿಯ ಹತ್ತಿರ ಉರುಳಿದ್ದನ್ನು ತಂದುಕೊಡುವಾಗ.

ಹುಡುಗನನ್ನು ಬೈದು ಫಲವಿಲ್ಲ. ರಿಂಗು ಹತ್ತಡಿ ಎತ್ತರ, ಅವನನ್ನು ಬಿಟ್ಟರೆ ಯಾರ ಚೆಂಡೂ ಅಲ್ಲಿಯವರೆಗೆ ಏರುವುದಿಲ್ಲ. ಚಿಕ್ಕ ಮಕ್ಕಳಿಗೆಂದೇ ಮಿನಿ ಬ್ಯಾಸ್ಕೆಟ್‌ಬಾಲ್ ಇದೆ. ಅದರಲ್ಲಿ ರಿಂಗು ಎಂಟೂವರೆ ಅಡಿ, ಚೆಂಡೂ ಸಣ್ಣದು. ನಮ್ಮಲ್ಲಿ ಅಂಗಡಿಯಲ್ಲಿ ಸಿಕ್ಕ ಚೆಂಡೇ ಚೆಂಡು. ಜೊತೆಗೆ ಬೇಲಿಯಾಚೆಯಿಂದ ಅಪ್ಪಂದಿರ ಉಪದೇಶ: “ನೀನೇ ಹಾಕೋ!” ಶಾಲೆಯಲ್ಲಿ ಪಕ್ಕದವನಿಗೆ ಉತ್ತರ ತೋರಿಸಿದರೆ ಪರೀಕ್ಷೆಯಿಂದ ಹೊರಗೆ ಹಾಕುತ್ತಾರೆ. ಅಂಥ ಶಾಲೆಯಿಂದ ಬಂದ ಮಗುವಿಗೆ, ಇಲ್ಲಿ ಮಾತ್ರ ಹಂಚಿಕೊಂಡು ಆಡು ಎಂದರೆ ಅದು ಹೇಗೆ ನಂಬೀತು?

ಆದರೆ ಈ ಆಟ ಹುಟ್ಟಿದ್ದೇ ಕೊಡುವುದರಿಂದ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರು. ಹೊರಗೆ ಚಳಿಗಾಲ, ಒಳಗೆ ಕಸರತ್ತು ಮಾಡಿ ಬೇಸತ್ತ 18 ಮಂದಿ ವಿದ್ಯಾರ್ಥಿಗಳು. ಅವರ ಶಿಕ್ಷಕ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಿನ ಕಟಾಂಜನಕ್ಕೆ ಹೊಡೆಸಿ, 13 ನಿಯಮ ಬರೆದರು. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಓಡಿದರೆ ಉಳಿದವರು ಮೇಲೆ ಬಿದ್ದು ಕೆಡವುತ್ತಾರೆ, ಗಟ್ಟಿ ನೆಲದ ಮೇಲೆ ಕೈಕಾಲು ಮುರಿಯುತ್ತದೆ ಎಂಬ ಸರಳ ಅಂಜಿಕೆ ಅದರ ಹಿಂದಿತ್ತು. ನೆಲಕ್ಕೆ ತಟ್ಟುತ್ತಾ ಸಾಗುವ ಡ್ರಿಬಲ್ ಆಮೇಲೆ ಬಂದದ್ದು. ಮೊದಲಿಗೆ ಚೆಂಡನ್ನು ಮುಂದೆ ಸಾಗಿಸಲು ಇನ್ನೊಬ್ಬನ ಕೈಗೆ ಕೊಡುವುದೊಂದೇ ದಾರಿ.

ನಮ್ಮ ಖೋ ಖೋ ಇದಕ್ಕೆ ಎಷ್ಟು ಹತ್ತಿರ ನೋಡಿ. ಎದುರಾಳಿ ಇನ್ನೇನು ಸಿಕ್ಕಿದ ಅನ್ನುವಷ್ಟರಲ್ಲಿ ಆಚೆ ಬದಿಗೆ ನುಸುಳುತ್ತಾನೆ. ಅಟ್ಟಿಸಿಕೊಂಡು ಬಂದವನು ತಿರುಗುವಂತಿಲ್ಲ. ಕೂತವನ ಬೆನ್ನು ತಟ್ಟಿ, ಖೋ ಎಂದು, ಅವನ ಜಾಗದಲ್ಲಿ ತಾನು ಕೂರಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಬ್ಯಾಸ್ಕೆಟ್‌ಬಾಲ್ ಪಂದ್ಯ 40 ನಿಮಿಷದ್ದು, ಅಂಗಳದಲ್ಲಿ ಹತ್ತು ಜನ, ಚೆಂಡು ಒಂದೇ. ಸಮನಾಗಿ ಹಂಚಿದರೂ ಒಬ್ಬರ ಪಾಲಿಗೆ ನಾಲ್ಕು ನಿಮಿಷ. ಉಳಿದ 36 ನಿಮಿಷ ಬರಿಗೈ. ಆ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕು, ಯಾರಿಗೆ ದಾರಿ ಬಿಡಬೇಕು, ಗೆಳೆಯ ತಪ್ಪಿಸಿದ ಚೆಂಡಿನ ಹಿಂದೆ ಯಾರು ಓಡಬೇಕು, ಆಟವೆಲ್ಲ ಇರುವುದು ಅಲ್ಲಿ.

ಕಳೆದ ತಿಂಗಳಿಂದ ನಮ್ಮ ಅಂಗಳಕ್ಕೆ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಕೊರಳಿಗೆ ಸೀಟಿ ಹಾಕಿಕೊಂಡು ಬರುತ್ತಿದ್ದಾರೆ. ತಂಡದ ಐದೂ ಜನ ಚೆಂಡು ಮುಟ್ಟದೆ ರಿಂಗಿಗೆ ಎಸೆಯುವಂತಿಲ್ಲ ಎಂದು ಕಟ್ಟುಮಾಡಿದರು. ಎತ್ತರದ ಹುಡುಗ ಸಿಡುಕಿನಲ್ಲಿ ಆ ಹುಡುಗಿಯತ್ತ ರಪ್ಪನೆ ಎಸೆದ. ಚೆಂಡು ಅವಳ ಅಂಗೈಗೆ ಬಡಿದು ಆಚೆ ಹಾರಿತು. “ನೋಡಿ ಸರ್, ಇವಳಿಗೆ ಹಿಡಿಯೋಕೇ ಬರಲ್ಲ!”

“ಅವಳಿಗೆ ಹಿಡಿಯೋಕಾಗೋ ಹಾಗೆ ಎಸೆಯೋದು ನಿನ್ನ ಕೆಲಸ ಕಣೋ” ಎಂದರು ಮೇಷ್ಟ್ರು.

ಹುಡುಗ ಮುಖ ಊದಿಸಿಕೊಂಡೇ ಆಡಿದ. ಆದರೆ ಮರುವಾರದ ಹೊತ್ತಿಗೆ ನೆಲಕ್ಕೊಮ್ಮೆ ಪುಟಿಸಿ, ಅವಳ ಎದೆಯ ಮಟ್ಟಕ್ಕೆ ಏಳುವಂತೆ ಕೊಡತೊಡಗಿದ್ದ. ಅವಳೂ ಎರಡೂ ಅಂಗೈ ಬಿಚ್ಚಿ, ಬೆರಳು ಹರಡಿ, ಕಾದು ನಿಲ್ಲುವುದನ್ನು ಕಲಿತಿದ್ದಳು.

ಮೊನ್ನೆ ಆಟ ಮುಗಿದ ಮೇಲೆ ಅವಳ ಅಪ್ಪ ಗೇಟಿನ ಬಳಿ ಕೇಳಿದರು: “ಎಷ್ಟು ಹಾಕ್ದೆ ಪುಟ್ಟಿ?”

“ನಾನ್ ಹಾಕ್ಲಿಲ್ಲ ಅಪ್ಪ. ಮೂರು ನನ್ನ ಕೈಯಿಂದ ಹೋಗಿದ್ದು.”

ಅಪ್ಪನಿಗೆ ಅರ್ಥವಾದಂತೆ ಕಾಣಲಿಲ್ಲ. ಹೆಲ್ಮೆಟ್ ಕೊಟ್ಟು ಸ್ಕೂಟರ್ ಹೊರಡಿಸಿದರು. ಅವಳು ಹಿಂದೆ ಕೂತು, ದಾರಿಯುದ್ದಕ್ಕೂ ಆ ಮೂರು ಯಾವುವು ಎಂದು ಹೇಳುತ್ತಲೇ ಹೋದಳು.